ಶರಾವತಿ ಹಿನ್ನೀರಿನ ದಡದಲ್ಲಿ ಒಬ್ಬರೇ ಒಂದು ದಿನ ನಡೆಯುವವರಿಗೆ

ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಸೀಮೆಯನ್ನು ಜನ ಈಗಲೂ ದ್ವೀಪ ಎಂದೇ ಕರೆಯುತ್ತಾರೆ. ಭೂಗೋಳದ ಲೆಕ್ಕದಲ್ಲಿ ಅದು ಪೂರ್ತಿ ದ್ವೀಪವಲ್ಲ. ಮೂರು ಕಡೆ ಹಿನ್ನೀರು ಸುತ್ತುವರಿದಿದ್ದರೆ ಇನ್ನೊಂದು ಕಡೆ ನೆಲ ಕೊಲ್ಲೂರಿನತ್ತ ಘಟ್ಟ ಇಳಿಯುತ್ತದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದು, ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ನೀರು ಹರಡಿಕೊಂಡ ಮೇಲೆ, ಸಾಗರ ಪೇಟೆಯ ಹಳೆಯ ದಾರಿಗಳು ಮುಳುಗಿ, ಲಾಂಚ್ ದಾಟದೆ ಆಸ್ಪತ್ರೆಗೂ ಕಾಲೇಜಿಗೂ ಹೋಗಲಾಗದ ಸ್ಥಿತಿಯಲ್ಲಿ ಎರಡು ತಲೆಮಾರು ಬದುಕಿದವರಿಗೆ ಆ ಹೆಸರೇ ಸರಿಯಾದದ್ದು. 2025ರ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಈಗ ಸಾಗರದಿಂದ ಬೆಳಿಗ್ಗೆ ಹೊರಟು, ಹಿನ್ನೀರಿನ ದಡದಲ್ಲಿ ಹಗಲೆಲ್ಲ ನಡೆದು, ಸಂಜೆಗೆ ಮರಳುವುದು ಸಾಧ್ಯವಾಗಿರುವುದರಿಂದ, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಬರುವವರು ಕಾಣತೊಡಗಿದ್ದಾರೆ. ಈ ಲೇಖನ ಅಂಥವರಿಗಾಗಿ.

ಒಬ್ಬರೇ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನೀರಿನ ಪಕ್ಕದಲ್ಲಿ ಮಾತಿಲ್ಲದೆ ನಡೆಯುವುದರಲ್ಲಿ ಸಿಗುವ ನೆಮ್ಮದಿ ಗುಂಪಿನಲ್ಲಿ ಸಿಗುವಂಥದ್ದಲ್ಲ. ಆದರೆ ಗುಂಪಿನಲ್ಲಿ ಸಣ್ಣದಾಗಿ ಮುಗಿಯುವ ತಪ್ಪು ಒಂಟಿಯಾಗಿದ್ದಾಗ ದೊಡ್ಡದಾಗುತ್ತದೆ. ಉಳುಕಿದ ಪಾದ, ಖಾಲಿಯಾದ ಬಾಟಲಿ, ತಪ್ಪಿದ ಕೊನೆಯ ಬಸ್ಸು ಇವೆಲ್ಲ ಆಗ ಬೇರೆಯದೇ ತೂಕ ಪಡೆಯುತ್ತವೆ. ಆದ್ದರಿಂದ ನಡಿಗೆಯ ಅರ್ಧ ಕೆಲಸ ಹಿಂದಿನ ದಿನ ಮನೆಯಲ್ಲಿಯೇ ಆಗಬೇಕು.

ಮೊದಲು ನೀರಿನ ಮಟ್ಟ ನೋಡಿ

ಕರಾವಳಿಯಲ್ಲಿ ನಡೆದು ರೂಢಿಯಿದ್ದವರು ಇಲ್ಲಿಗೆ ಬಂದಾಗ ಮಾಡುವ ಮೊದಲ ತಪ್ಪೆಂದರೆ ದಡಕ್ಕೆ ಒಂದು ಗೊತ್ತಾದ ಗೆರೆಯಿದೆ ಎಂದು ತಿಳಿಯುವುದು. ಹೊನ್ನಾವರದಲ್ಲಿ ಇದೇ ಶರಾವತಿ ಸೇರುವ ಸಮುದ್ರದ ಉಬ್ಬರವಿಳಿತ ದಿನಕ್ಕೆರಡು ಬಾರಿ ನಡೆದರೆ, ಈ ಹಿನ್ನೀರಿನ ಉಬ್ಬರವಿಳಿತ ವರ್ಷಕ್ಕೊಂದೇ ಬಾರಿ ನಡೆಯುತ್ತದೆ. ಜೂನ್ ನಂತರ ಮಳೆಯಿಂದ ಏರುವ ನೀರು ಮಳೆಗಾಲದ ಕೊನೆಗೆ ತನ್ನ ಎತ್ತರವನ್ನು ಮುಟ್ಟಿ, ಆಮೇಲೆ ವಿದ್ಯುತ್ತಿಗಾಗಿ ದಿನವೂ ಬಳಕೆಯಾಗುತ್ತ ಮೇ ತಿಂಗಳವರೆಗೆ ಇಳಿಯುತ್ತಲೇ ಇರುತ್ತದೆ. ಫೋನಿನ ನಕ್ಷೆಯಲ್ಲಿ ಕಾಣುವ ನೀಲಿ ಅಂಚು ಯಾವುದೋ ಒಂದು ದಿನದ ಚಿತ್ರ. ಅದನ್ನು ನಂಬಿ ಹೊರಟರೆ ಅಕ್ಟೋಬರಿನಲ್ಲಿ ನೀವು ನಡೆಯಬೇಕೆಂದುಕೊಂಡ ಜಾಗ ನೀರಿನೊಳಗಿರುತ್ತದೆ, ಏಪ್ರಿಲಿನಲ್ಲಿ ನೀರು ಇರಬೇಕಾದ ಜಾಗ ಬಿರುಕು ಬಿಟ್ಟ ಬಯಲಾಗಿರುತ್ತದೆ.

ಇದಕ್ಕೆ ಸುಲಭವಾದ ಉಪಾಯವಿದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ದಿನಪತ್ರಿಕೆಗಳು ಲಿಂಗನಮಕ್ಕಿಯ ಮಟ್ಟವನ್ನು ಪ್ರಕಟಿಸುತ್ತಲೇ ಇರುತ್ತವೆ. ಹೊರಡುವ ವಾರದ ಅಂಕಿಯನ್ನು ಬರೆದುಕೊಂಡು 1819ರಿಂದ ಕಳೆಯಿರಿ. ವ್ಯತ್ಯಾಸ ಎರಡು ಮೂರು ಅಡಿಯಷ್ಟೇ ಇದ್ದರೆ ದಡದಲ್ಲಿ ನಡೆಯಲು ಜಾಗವೇ ಇರುವುದಿಲ್ಲ; ನೀರು ನೇರವಾಗಿ ಕಾಡಿನ ಬುಡವನ್ನು ಮುಟ್ಟಿರುತ್ತದೆ, ನೀವು ಹಳುವಿನೊಳಗೆ ನುಗ್ಗಬೇಕಾಗುತ್ತದೆ. ಹತ್ತು ಅಡಿಯ ಆಸುಪಾಸಿನಲ್ಲಿದ್ದರೆ ಕಾಡಿನ ಅಂಚಿಗೂ ನೀರಿಗೂ ನಡುವೆ ಬರಿಯ ಕೆಂಪು ನೆಲದ ಪಟ್ಟಿ ತೆರೆದುಕೊಂಡಿರುತ್ತದೆ. ಐವತ್ತು ಅಡಿಗೆ ಒಂದಡಿ ಇಳಿಯುವ ಸೌಮ್ಯವಾದ ಇಳಿಜಾರಿನಲ್ಲಿ ಹತ್ತು ಅಡಿ ನೀರು ಇಳಿದರೆ ಐನೂರು ಅಡಿ ಅಗಲದ ದಾರಿಯೇ ಸಿಕ್ಕಂತಾಯಿತು. ವ್ಯತ್ಯಾಸ ಇನ್ನೂ ಬಹಳ ಹೆಚ್ಚಾದ ಬೇಸಿಗೆಯಲ್ಲಿ ದಡ ವಿಶಾಲವಾಗುತ್ತದೆ ನಿಜ, ಆದರೆ ನೆರಳು ಎಲ್ಲಿಯೂ ಇರುವುದಿಲ್ಲ, ಕೆಸರು ಹೆಚ್ಚುತ್ತದೆ, ಮಧ್ಯಾಹ್ನದ ಗುಡುಗು ಸಿಡಿಲಿಗೆ ಆ ಬಯಲಿನಲ್ಲಿ ನೀವೇ ಎತ್ತರದ ವಸ್ತುವಾಗಿರುತ್ತೀರಿ. ನನ್ನ ಅನುಭವದಲ್ಲಿ ನವೆಂಬರ್ ನಡುವಿನಿಂದ ಜನವರಿಯವರೆಗಿನ ದಿನಗಳು ಈ ನಡಿಗೆಗೆ ಹೇಳಿ ಮಾಡಿಸಿದಂಥವು. ಮಳೆಗಾಲದಲ್ಲಿ ದಡದ ನಡಿಗೆಯ ಯೋಚನೆಯನ್ನೇ ಬಿಡಬೇಕು.

ದಿನ, ದಾರಿ, ಅನುಮತಿ

ಹಿನ್ನೀರಿನ ಸುತ್ತಲಿನ ಬಹಳಷ್ಟು ಕಾಡು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ. ದಡದಲ್ಲಿ ಫಲಕವಾಗಲಿ ಬೇಲಿಯಾಗಲಿ ಎಲ್ಲ ಕಡೆಯೂ ಇರುವುದಿಲ್ಲವಾದ್ದರಿಂದ, ನೀವು ನಡೆಯಬೇಕೆಂದಿರುವ ಭಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಆ ವಲಯದ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ. ಯಾವ ಭಾಗಕ್ಕೆ ಹೋಗಬಹುದು, ಯಾವ ಭಾಗಕ್ಕೆ ಕೂಡದು, ಆ ವಾರ ಕಾಟಿ (ಕಾಡುಕೋಣ) ಅಥವಾ ಚಿರತೆಯ ಓಡಾಟ ಎಲ್ಲಿದೆ ಎಂಬುದನ್ನು ಅಲ್ಲಿನ ಸಿಬ್ಬಂದಿಗಿಂತ ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಅಣೆಕಟ್ಟಿನ ಸಮೀಪಕ್ಕೂ ವಿದ್ಯುತ್ ನಿಗಮದ ಆವರಣಗಳಿಗೂ ಹೋಗುವ ಯೋಚನೆ ಬೇಡ. ನೀರು ತೀರ ತಗ್ಗಿದ ವರ್ಷಗಳಲ್ಲಿ ಮಡೆನೂರಿನ ಹತ್ತಿರ ತಲೆಯೆತ್ತುವ 1948ರ ಹಿರೇಭಾಸ್ಕರ ಅಣೆಕಟ್ಟನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅದರ ಸೈಫನ್ ಕೋಡಿಗಳ ಬಾಯಿಗಳೂ ಸುತ್ತಲಿನ ಹೂಳೂ ಒಬ್ಬರೇ ಹೋಗುವವರಿಗೆ ತಕ್ಕವಲ್ಲ.

ದಾರಿಯನ್ನು ಆರಿಸುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೋಗುವಾಗ ದಡ, ಬರುವಾಗ ಊರಿನ ರಸ್ತೆ. ಕಳಸವಳ್ಳಿ, ತುಮರಿ, ಬ್ಯಾಕೋಡು ಕಡೆಯ ಊರುಗಳಿಂದ ಹಿನ್ನೀರಿಗೆ ಇಳಿಯುವ ಕಾಲುದಾರಿಗಳು ಅನೇಕ. ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಲ್ಲಿ ಮೇಲೆ ಹತ್ತುವಂತೆ ಯೋಜಿಸಿದರೆ, ದಣಿದ ಹೊತ್ತಿನಲ್ಲಿ ಕೆಸರಿನ ದಡವನ್ನೇ ಮತ್ತೆ ತುಳಿಯುವ ಕಷ್ಟ ತಪ್ಪುತ್ತದೆ. ದಡದ ಮೇಲೆ ಗಂಟೆಗೆ ಎರಡು ಕಿಲೋಮೀಟರ್ ಎಂದು ಹಿಡಿಯಿರಿ. ರಸ್ತೆಯ ನಡಿಗೆಯ ಲೆಕ್ಕ ಇಲ್ಲಿ ಸಲ್ಲದು. ಇಡೀ ದಿನಕ್ಕೆ ದಡದಲ್ಲಿ ಎಂಟು, ರಸ್ತೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ಸಾಕು. ಡಿಸೆಂಬರಿನಲ್ಲಿ ಸೂರ್ಯ ಆರರ ಹೊತ್ತಿಗೆ ಮುಳುಗುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ ನೀವು ಎಲ್ಲಿಯೇ ಇರಿ, ಅಂದುಕೊಂಡ ಜಾಗ ಮುಟ್ಟಿರಲಿ ಬಿಡಲಿ, ದಡ ಬಿಟ್ಟು ಹತ್ತಿರದ ರಸ್ತೆಯ ಕಡೆಗೆ ತಿರುಗಬೇಕು. ಇದೊಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ತಿರುವನ್ನು ನೋಡಿಯೇ ಬಿಡೋಣ ಎಂಬ ಆಸೆಯನ್ನು ತಡೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹೇಳಿ ಹೋಗುವುದು

ಈ ಸೀಮೆಯ ಹಲವು ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ ಹೋದಲ್ಲಿಂದ ಫೋನ್ ಮಾಡುತ್ತೇನೆ ಎಂಬುದು ಯೋಜನೆಯಾಗಲಾರದು. ಮನೆಯವರಲ್ಲಿ ಅಥವಾ ಗೆಳೆಯರಲ್ಲಿ ಒಬ್ಬರಿಗೆ ಕಾಗದದ ಮೇಲೆ ನಾಲ್ಕು ಸಂಗತಿ ಬರೆದುಕೊಡಿ: ಎಲ್ಲಿ ದಡಕ್ಕೆ ಇಳಿಯುತ್ತೀರಿ, ಎಲ್ಲಿ ಮೇಲೆ ಹತ್ತುತ್ತೀರಿ, ಯಾವ ಬಸ್ಸಿಗೆ ಮರಳುತ್ತೀರಿ, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಅವರು 112ಕ್ಕೆ ಕರೆ ಮಾಡಬೇಕು. ಕೊನೆಯ ಸಂಗತಿಯೇ ಮುಖ್ಯ. ಗಂಟೆ ಬರೆದುಕೊಡದಿದ್ದರೆ ಮನೆಯವರು ಈಗ ಬಂದಾರು, ಇನ್ನೊಂದು ತಾಸು ನೋಡೋಣ ಎನ್ನುತ್ತಲೇ ರಾತ್ರಿ ಕಳೆಯುತ್ತಾರೆ.

ಎರಡನೆಯದಾಗಿ, ದಡಕ್ಕೆ ಇಳಿಯುವ ಊರಿನಲ್ಲಿಯೂ ಹೇಳಿ ಹೋಗಿ. ಕೊನೆಯ ಮನೆಯ ಅಂಗಳದ ಮುಂದೆ ನಿಂತು "ಅಮ್ಮಾ, ಈ ದಾರಿಯಲ್ಲಿ ಹೊಳೆಗೆ ಇಳಿಯಬಹುದೇ?" ಎಂದು ಕೇಳಿದರೆ ಮಲೆನಾಡಿನಲ್ಲಿ ಉತ್ತರಕ್ಕಿಂತ ಮೊದಲು ಬೆಲ್ಲ ನೀರು ಬರುತ್ತದೆ. ಆ ಹತ್ತು ನಿಮಿಷ ಕುಳಿತುಕೊಳ್ಳಿ. ಯಾವ ತಗ್ಗಿನಲ್ಲಿ ಈ ವರ್ಷ ಕಾಲು ಹೂಳುವ ಹುದುಲು ಇದೆ, ಯಾವ ಬೇಲಿಗೆ ಕರೆಂಟು ಹರಿಯುತ್ತದೆ, ನಿನ್ನೆ ಕಾಟಿಗಳು ಎಲ್ಲಿ ಮೇಯುತ್ತಿದ್ದವು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ; ಸಂಜೆ ನೀವು ಆ ದಾರಿಯಲ್ಲಿ ಬರುವಿರೋ ಇಲ್ಲವೋ ಎಂಬುದನ್ನು ಅವರಿಗೂ ತಿಳಿಸಿ. ತೋಟ, ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟಗಳನ್ನು ದಾಟುವಾಗ ಬೇಲಿಯ ದಾರಿಗೆ ಅಡ್ಡ ಹಾಕಿದ ಉಣಗೋಲನ್ನು ತೆಗೆದರೆ ಮತ್ತೆ ಇದ್ದ ಹಾಗೆಯೇ ಹಾಕಬೇಕು. ಕಾಡುಹಂದಿಯ ಕಾಟಕ್ಕಾಗಿ ಕಟ್ಟಿರುವ, ಕರೆಂಟು ಹರಿಯುವ ಐಬೆಕ್ಸ್ ಬೇಲಿಯನ್ನು ಕೈಯಿಂದಾಗಲಿ ಹಸಿ ಕೋಲಿನಿಂದಾಗಲಿ ಮುಟ್ಟಬಾರದು.

ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಖಚಿತಪಡಿಸಿಕೊಳ್ಳಿ. ಹಸಿರುಮಕ್ಕಿ ಅಥವಾ ಮುಪ್ಪಾನೆಯ ಕಡೆಯಿಂದ ಲಾಂಚ್ ಹಿಡಿಯುವ ಆಲೋಚನೆಯಿದ್ದರೆ, ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚ್ ನಿಂತ ವರ್ಷಗಳುಂಟು ಎಂಬುದನ್ನು ನೆನಪಿಡಿ.

ಚೀಲದಲ್ಲಿ ಏನಿರಬೇಕು

ಮೂರು ಲೀಟರ್ ಕುಡಿಯುವ ನೀರು. ಸುತ್ತಲೂ ನೀರೇ ಇರುವಾಗ ಇಷ್ಟು ಭಾರ ಏಕೆ ಎನ್ನಿಸಬಹುದು. ಹಿನ್ನೀರಿನ ಅಂಚಿನಲ್ಲಿ ದನಕರುಗಳು ತುಳಿದು ಕದಡಿದ ನೀರನ್ನು ಕುದಿಸದೆ ಕುಡಿಯುವಂತಿಲ್ಲ. ಎರಡು ಪೊಟ್ಟಣ ಓಆರ್‌ಎಸ್, ಮಧ್ಯಾಹ್ನಕ್ಕೆ ಬುತ್ತಿ. ಮೊಸರನ್ನದ ಬದಲು ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಬೆಲ್ಲ, ಕಡಲೆಬೀಜ, ಎರಡು ಬಾಳೆಹಣ್ಣು ಬಿಸಿಲಿನಲ್ಲಿ ಕೆಡುವುದಿಲ್ಲ. ಟೊಪ್ಪಿ, ತೆಳುಬಣ್ಣದ ತುಂಬುತೋಳಿನ ಅಂಗಿ, ಪಾದ ಮುಚ್ಚುವ ಉದ್ದನೆಯ ಪ್ಯಾಂಟು, ಕಣಕಾಲಿನವರೆಗೆ ಬರುವ ಬೂಟು. ಬೆಳಕಿಗೆ ಒಂದು ಟಾರ್ಚ್; ಫೋನಿನ ಬೆಳಕನ್ನು ಲೆಕ್ಕಕ್ಕೆ ಹಿಡಿಯಬಾರದು, ಫೋನಿನ ಚಾರ್ಜು ಕರೆಗಾಗಿ ಉಳಿಯಬೇಕು. ಒಂದು ಸೀಟಿ, ಏಕೆಂದರೆ ಕೂಗಿದ ಧ್ವನಿ ಬೇಗ ಸೋಲುತ್ತದೆ, ಸೀಟಿಯ ಸದ್ದು ನೀರಿನ ಮೇಲೆ ಆಚೆ ದಡದವರೆಗೂ ಸಾಗುತ್ತದೆ. ಅಗಲವಾದ ಬ್ಯಾಂಡೇಜು, ಗಾಯ ತೊಳೆಯುವ ಔಷಧ, ಚಿಮುಟ. ಮಳೆಗಾಲ ಮುಗಿದ ಹೊಸತರಲ್ಲಿ ಹಸಿ ನೆಲದ ಕಾನಿನಲ್ಲಿ ಉಂಬಳ (ಜಿಗಣೆ) ಇನ್ನೂ ಇರುವುದರಿಂದ ಒಂದು ಡಬ್ಬಿಯಲ್ಲಿ ಉಪ್ಪು ಅಥವಾ ಸುಣ್ಣ.

ಇವೆಲ್ಲಕ್ಕಿಂತ ಹೆಚ್ಚು ಉಪಕಾರಕ್ಕೆ ಬರುವುದು ಎದೆಯೆತ್ತರದ ಗಟ್ಟಿ ಕೋಲು. ಅದಿಲ್ಲದೆ ದಡಕ್ಕೆ ಇಳಿಯಲೇಬಾರದು.

ದಡದ ಮೇಲೆ

ಬೆಳಿಗ್ಗೆ ಒಂಬತ್ತರವರೆಗೂ ಹಿನ್ನೀರಿನ ಮೇಲೆ ಮಂಜು ಕೂತಿರುವ ದಿನಗಳು ಚಳಿಗಾಲದಲ್ಲಿ ಸಾಮಾನ್ಯ. ಮಂಜಿನಲ್ಲಿ ದಡಕ್ಕೆ ಇಳಿದರೆ ದಿಕ್ಕು ತಪ್ಪುವುದಕ್ಕಿಂತ ಹೆಚ್ಚಿನ ಅಪಾಯ ಕಾಟಿಯನ್ನು ಹತ್ತಿರ ಹೋಗುವವರೆಗೂ ಕಾಣದಿರುವುದು. ನೀರು ಇಳಿದ ನೆಲದಲ್ಲಿ ಚಿಗುರುವ ಎಳೆ ಹುಲ್ಲಿಗೆ ಊರಿನ ದನಗಳೂ ಬರುತ್ತವೆ, ಕಾಡಿನ ಕಾಟಿಗಳೂ ಬರುತ್ತವೆ. ಮಂಜು ಕರಗಿ ಆಚೆ ದಡ ಕಂಡ ಮೇಲೆ ಹೊರಡಿ. ಕಾಟಿ ಕಂಡರೆ ನಿಂತಲ್ಲೇ ನಿಂತು, ಅದಕ್ಕೂ ಕಾಡಿಗೂ ನಡುವೆ ನೀವು ಬಾರದಂತೆ ಹಿಂದಕ್ಕೆ ಸರಿದು ಸುತ್ತು ಹಾಕಬೇಕು. ಒಂಟಿ ಹೋರಿಯಾದರೆ ಆ ದಡವನ್ನೇ ಬಿಟ್ಟು ಮರಳಬೇಕು.

ಕಾಡಿನ ಅಂಚಿಗೂ ನೀರಿಗೂ ನಡುವಿನ ಬರಿಯ ನೆಲದಲ್ಲಿ, ಮೇಲುಭಾಗಕ್ಕೆ ಹತ್ತಿರವಾಗಿ ನಡೆಯುವುದು ಕ್ಷೇಮ. ನೀರಿನ ಪಕ್ಕದ ನೆಲ ಈಚೆಗೆ ತೆರೆದುಕೊಂಡದ್ದು, ಹಾಗಾಗಿ ಸಡಿಲ. ಮೇಲಿನದು ವಾರಗಟ್ಟಲೆ ಬಿಸಿಲು ಕಂಡು ಬಿಗಿದದ್ದು. ಬಿರುಕು ಬಿಟ್ಟ ನೆಲ ಸಾಮಾನ್ಯವಾಗಿ ನಿಮ್ಮ ಭಾರ ತಡೆಯುತ್ತದೆ. ನುಣುಪಾಗಿ ಹೊಳೆಯುವ ನೆಲ ತಡೆಯುವುದಿಲ್ಲ. ಸಂದೇಹವಿದ್ದಲ್ಲಿ ದನಗಳ ಗೊರಸಿನ ಗುರುತು ನೋಡಿ. ಗೊರಸು ಎರಡು ಬೆರಳಷ್ಟು ಇಳಿದಿದ್ದರೆ ನೀವೂ ದಾಟಬಹುದು, ಗೇಣುದ್ದ ಇಳಿದಿದ್ದರೆ ಅಥವಾ ಗುರುತೇ ಇಲ್ಲದಿದ್ದರೆ ಸುತ್ತಿ ಹೋಗಿ. ದನಗಳು ಕಾರಣವಿಲ್ಲದೆ ಒಂದು ಜಾಗವನ್ನು ಬಿಡುವುದಿಲ್ಲ.

ಹಳ್ಳಗಳು ಹಿನ್ನೀರಿಗೆ ಸೇರುವ ಬಾಯಿಯೇ ಎಲ್ಲಕ್ಕಿಂತ ಕೆಟ್ಟ ಜಾಗ. ಮಳೆಗಾಲದಲ್ಲಿ ಹಳ್ಳ ತಂದು ಬಿಟ್ಟ ಹೂಳು ಅಲ್ಲಿ ಆಳವಾಗಿ ಕೂತಿರುತ್ತದೆ, ಮೇಲಿನ ಪದರ ಮಾತ್ರ ಒಣಗಿ ನೆಲದಂತೆ ಕಾಣುತ್ತದೆ. ಒಂದು ಜನವರಿಯಲ್ಲಿ ಅಂಥ ಬಾಯಿಯೊಂದನ್ನು ಕೋಲಿನಿಂದ ಚುಚ್ಚಿ ನೋಡದೆ ದಾಟಲು ಹೋಗಿ ನನ್ನ ಎಡಗಾಲು ತೊಡೆಯವರೆಗೆ ಹೂತಿತು. ಬಲಗಾಲಿಗೆ ಭಾರ ಹಾಕಿ ಎಳೆದಷ್ಟೂ ಅದೂ ಇಳಿಯಿತು. ಕೊನೆಗೆ ಹಿಂದಕ್ಕೆ ಒರಗಿ ಕುಳಿತು, ಕೋಲನ್ನು ಅಡ್ಡಲಾಗಿ ಬೆನ್ನಿನ ಕೆಳಗೆ ಹಾಕಿ, ಭಾರವನ್ನು ಹರಡಿ, ಕಾಲನ್ನು ಮೆಲ್ಲನೆ ಅತ್ತಿತ್ತ ಅಲುಗಿಸುತ್ತ ಸುತ್ತಲೂ ನೀರು ಇಳಿಯಲು ಬಿಟ್ಟ ಮೇಲೆ, ಅರ್ಧ ತಾಸಿನಲ್ಲಿ ಹೊರಬಂದೆ. ಹೂತಾಗ ಮಾಡಬೇಕಾದದ್ದು ಅಷ್ಟೇ: ನೇರವಾಗಿ ಮೇಲಕ್ಕೆ ಎಳೆಯದೆ, ಕುಳಿತು ಅಥವಾ ಮಲಗಿ, ಆತುರಪಡದೆ ಬಿಡಿಸಿಕೊಳ್ಳುವುದು. ಆ ದಿನದ ನಂತರ ಹಳ್ಳದ ಬಾಯಿ ಸಿಕ್ಕಲ್ಲೆಲ್ಲ, ಕಲ್ಲುನೆಲ ಸಿಗುವವರೆಗೆ ಹಳ್ಳದ ಗುಂಟ ಮೇಲೆ ಹೋಗಿ ದಾಟುತ್ತೇನೆ.

ಇಲ್ಲಿಯ ದಡ ನೇರವಲ್ಲ. ಮುಳುಗುವ ಮೊದಲು ಇವು ಗುಡ್ಡಗಳೂ ಅವುಗಳ ನಡುವಿನ ಕಣಿವೆಗಳೂ ಆಗಿದ್ದುದರಿಂದ, ಈಗ ಗುಡ್ಡಗಳು ನೀರಿನೊಳಗೆ ಚಾಚಿಕೊಂಡಿವೆ, ಕಣಿವೆಗಳೊಳಗೆ ನೀರು ಕೈ ಚಾಚಿದೆ. ಎದುರಿಗಿನ ಚಾಚು ಕೂಗಳತೆಯಲ್ಲಿ ಕಂಡರೂ ನಡೆದು ಹೋಗಲು ಒಂದೂವರೆ ತಾಸು ಬೇಕಾಗಬಹುದು. ಈಜಿ ದಾಟುವ ಯೋಚನೆ ಬಂದರೆ ಅಲ್ಲಿಯೇ ಕೈಬಿಡಿ. ಅಂದು ಮುಳುಗಿದ ಮರಗಳ ಬೊಡ್ಡೆಗಳು ನೀರಿನಡಿಯಲ್ಲಿ ಇನ್ನೂ ನಿಂತಿವೆ, ಮೀನಿನ ಬಲೆಗಳಿರುತ್ತವೆ, ನಾಲ್ಕು ಹೆಜ್ಜೆಯಲ್ಲಿ ಆಳ ಬದಲಾಗುತ್ತದೆ. ಕೈಕಾಲು ತೊಳೆಯಲು ಕೂಡ ಕಲ್ಲಿನ ಇಳಿಜಾರು ಆರಿಸಿ. ಮೀನು ಹಿಡಿಯುವವರು ತೆಪ್ಪದಲ್ಲಿ ದಾಟಿಸುತ್ತೇವೆ ಎಂದರೆ, ಜೀವರಕ್ಷಕ ಜಾಕೆಟ್ ಇಲ್ಲದಿದ್ದರೆ, ವಿನಯದಿಂದ ಬೇಡವೆನ್ನಿ.

ನೀರು ಇಳಿದ ನೆಲದಲ್ಲಿ ನಡೆಯುವಾಗ ಅಲ್ಲಲ್ಲಿ ಮನೆಗಳ ಅಡಿಪಾಯ, ಹಳೆಯ ರಸ್ತೆಯ ಕಲ್ಲುಹಾಸು, ಬಾವಿಯ ಕಟ್ಟೆ ಕಾಣಸಿಗುತ್ತವೆ. ಬಾವಿಗಳು ಹೂಳಿನಿಂದ ಅರೆ ತುಂಬಿದ್ದು ಅಂಚು ಕುಸಿಯುವಂತಿರುತ್ತದೆ, ಹತ್ತು ಹೆಜ್ಜೆ ದೂರವಿರಿ. ಅಲ್ಲಿ ಬಿದ್ದಿರುವ ಒರಳುಕಲ್ಲನ್ನೋ ತುಳಸಿಕಟ್ಟೆಯ ಚೂರನ್ನೋ ನೆನಪಿಗೆಂದು ಎತ್ತಿಕೊಂಡು ಬರಬೇಡಿ. ಆ ಅಂಗಳದಲ್ಲಿ ಆಡಿ ಬೆಳೆದವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಇನ್ನೂ ಬದುಕಿದ್ದಾರೆ, ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳೂ ಅವರಲ್ಲಿವೆ. ನಮಗೆ ಒಂದು ದಿನದ ನಡಿಗೆಗೆ ಸಿಕ್ಕ ದಡ ಅವರ ಗದ್ದೆಯಾಗಿತ್ತು.

ಉಣುಗು ಮತ್ತು ಮಂಗನ ಕಾಯಿಲೆ

ಹೊರಗಿನಿಂದ ಬರುವವರು ಹಾವಿಗೆ ಹೆದರುತ್ತಾರೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಹಲವರ ಜೀವ ತೆಗೆದುದನ್ನು ಈ ಸೀಮೆ ಮರೆತಿಲ್ಲ. ವೈರಾಣುವನ್ನು ಹರಡುವ ಉಣುಗಿನ ಮರಿಗಳು ಸಾಸಿವೆಗಿಂತಲೂ ಸಣ್ಣವು. ಡಿಸೆಂಬರಿನಿಂದ ಮೇವರೆಗೆ ಅವುಗಳ ಹಾವಳಿ. ನಡಿಗೆಗೆ ಒಳ್ಳೆಯ ಕಾಲವೂ ಇದರೊಳಗೇ ಬರುವುದರಿಂದ ಎಚ್ಚರಿಕೆ ಅನಿವಾರ್ಯ.

ಆ ವರ್ಷ ಆ ಭಾಗದಲ್ಲಿ ಕಾಯಿಲೆ ಕಾಣಿಸಿಕೊಂಡ ಸುದ್ದಿಯಿದ್ದರೆ ನಡಿಗೆಯನ್ನು ಮುಂದಿನ ವರ್ಷಕ್ಕೆ ಹಾಕಿ. ಇಲ್ಲದಿದ್ದರೂ ಹೊರಡುವ ಮುನ್ನ ಕೈಕಾಲುಗಳಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು. ಕಾಯಿಲೆಯ ಭಯವಿರುವ ಊರುಗಳಲ್ಲಿ ಆರೋಗ್ಯ ಇಲಾಖೆ ಅದನ್ನು ಹಂಚುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಇರುವುದು ಹೆಚ್ಚಾಗಿ ಕಾಡಂಚಿನ ಒಣ ಎಲೆಯ ರಾಶಿಯಲ್ಲಿ ಮತ್ತು ದನ ಮಲಗುವ ನೆರಳಿನಲ್ಲಿ, ನಿಮಗೂ ಊಟಕ್ಕೆ ಕೂರಬೇಕೆನಿಸುವ ಜಾಗ ಅದೇ. ಬರಿಯ ಕಲ್ಲಿನ ಮೇಲೆ ಕುಳಿತು ಉಣ್ಣಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಆ ಭಾಗವನ್ನು ಬೇಗ ಬಿಟ್ಟು, ಊರಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಬೆರಳಲ್ಲಿ ಹೊಸಕುವುದು ಕೂಡದು.

ಬಿದ್ದರೆ, ಹಾವು ಕಡಿದರೆ

ಕಾಲು ಉಳುಕಿದರೆ ಬೂಟು ಬಿಚ್ಚಬೇಡಿ, ಊದಿಕೊಂಡ ಮೇಲೆ ಮತ್ತೆ ಹಾಕಲಾಗುವುದಿಲ್ಲ. ಬೂಟಿನ ಮೇಲಿಂದಲೇ ಬ್ಯಾಂಡೇಜು ಸುತ್ತಿ, ಕೋಲು ಊರಿ, ಹತ್ತಿರದ ಊರಿನ ಕಡೆಗೆ ನಿಧಾನವಾಗಿ ಹೊರಡಿ. ನಡೆಯಲಾರದಿದ್ದರೆ ದೂರಕ್ಕೆ ಕಾಣುವ ಬಯಲಿನಲ್ಲಿ ಕುಳಿತು, ಮೂರು ಬಾರಿ ಸೀಟಿ ಊದಿ, ನಿಲ್ಲಿಸಿ, ಮತ್ತೆ ಊದುತ್ತಿರಿ. ಸಂಜೆ ದನ ಹೊಡೆದುಕೊಂಡು ಹೋಗುವವರು, ಬಲೆ ಬಿಡುವವರು ಆ ಹೊತ್ತಿಗೆ ದಡಕ್ಕೆ ಬರುತ್ತಾರೆ.

ಹಾವು ಕಡಿದರೆ ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಮೂರೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕಡಿದ ಅಂಗವನ್ನು ಆದಷ್ಟು ಅಲುಗಿಸದೆ, 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಓಡದೆ, ಹತ್ತಿರದ ಮನೆಗೆ ತಲುಪಿ ವಾಹನ ಕೇಳಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕಾಳಿಂಗಕ್ಕೂ ಮಲೆನಾಡಿನ ಕುಳಿಮಂಡಲಗಳಿಗೂ ಅದು ತಕ್ಕದ್ದಲ್ಲ. ಆದರೂ ಆಸ್ಪತ್ರೆಯ ಆರೈಕೆಯೇ ಜೀವ ಉಳಿಸುವುದು, ಆದ್ದರಿಂದ ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಮರಳಿ ಬಂದ ಮೇಲೆ

ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ, ನೀವು ಯಾರಿಗೆ ಚೀಟಿ ಬರೆದುಕೊಟ್ಟಿದ್ದಿರೋ ಅವರಿಗೆ ಕರೆ ಮಾಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಮಂಚದ ಮೇಲೆ ಎಸೆಯದೆ ನೇರವಾಗಿ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡುತ್ತ ಕಂಕುಳು, ಕಿವಿಯ ಹಿಂಭಾಗ, ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಉಣುಗಿದೆಯೇ ಎಂದು ಬೆರಳಾಡಿಸಿ ನೋಡಿ. ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಕಾಣಿಸಿಕೊಂಡರೆ ಮನೆಯಲ್ಲಿದ್ದ ಮಾತ್ರೆ ನುಂಗಿ ಕಾಯದೆ ವೈದ್ಯರ ಬಳಿಗೆ ಹೋಗಿ, ಶರಾವತಿ ಹಿನ್ನೀರಿನ ಕಾಡಂಚಿನಲ್ಲಿ ಯಾವ ದಿನ, ಯಾವ ಊರಿನ ಹತ್ತಿರ ನಡೆದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಬೆಂಗಳೂರಿನ ವೈದ್ಯರಿಗೆ ಆ ಒಂದು ವಿವರವಿಲ್ಲದೆ ಮಂಗನ ಕಾಯಿಲೆಯ ಸಂದೇಹ ಬರಲು ಕಾರಣವಿರುವುದಿಲ್ಲ.